ಎಚ್‌ಎಸ್-ಸಿಆರ್‌ಪಿ 6.4 ಬಂದಿದೆ, ರಕ್ತನಾಳ ಹಾಳಾಗಿದೆಯೇ?

ಪ್ರಶ್ನೆ: ನನಗೆ 46 ವರ್ಷ, ದಾವಣಗೆರೆ ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ, ಸಸ್ಯಾಹಾರಿ. ಅಪ್ಪನಿಗೆ 52ನೇ ವಯಸ್ಸಿನಲ್ಲಿ ಹಾರ್ಟ್ ಅಟ್ಯಾಕ್ ಆಗಿತ್ತು. ಕಳೆದ ತಿಂಗಳು ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಪ್ಯಾಕೇಜ್ ಮಾಡಿಸಿದೆ. ಉರಿಯೂತ ಅಳೆಯುವ ಎಚ್‌ಎಸ್-ಸಿಆರ್‌ಪಿ 6.4 ಎಂದು ಕೆಂಪು ಅಕ್ಷರದಲ್ಲಿ ಬಂದಿದೆ, ಪಕ್ಕದಲ್ಲಿ 'ಹೈ ರಿಸ್ಕ್' ಎಂದಿದೆ. ಹೋಮೋಸಿಸ್ಟೀನ್ 24. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 138, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 38, ಟ್ರೈಗ್ಲಿಸರೈಡ್ 190, ಖಾಲಿ ಹೊಟ್ಟೆಯ ಸಕ್ಕರೆ 108, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 5.9. ಬಿಪಿ 134/86, ಸೊಂಟದ ಸುತ್ತಳತೆ 92 ಸೆಂ.ಮೀ. ಎದೆನೋವು, ಸುಸ್ತು ಏನೂ ಇಲ್ಲ. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತದೆ. ರಕ್ತ ಕೊಡುವ ನಾಲ್ಕು ದಿನ ಮೊದಲು ಹಲ್ಲು ಕ್ಲೀನಿಂಗ್ ಮಾಡಿಸಿದ್ದೆ. ಈಗ ಲ್ಯಾಬ್‌ನವರು ಫೋನ್ ಮಾಡಿ, 'ರಕ್ತನಾಳದ ಉರಿಯೂತದ ಪೂರ್ಣ ಪರೀಕ್ಷೆ ಮಾಡಿಸಿ, ಬ್ಲಾಕ್ ಆಗುವ ಮೊದಲೇ ಗೊತ್ತಾಗುತ್ತದೆ' ಎನ್ನುತ್ತಿದ್ದಾರೆ. ಪರಿಚಯದವರೊಬ್ಬರು ಅರಿಶಿನದ ಕ್ಯಾಪ್ಸೂಲ್ ಮತ್ತು ದಿನಕ್ಕೊಂದು ಆಸ್ಪಿರಿನ್ ಶುರುಮಾಡಲು ಹೇಳಿದ್ದಾರೆ. ನನ್ನ ರಕ್ತನಾಳ ಈಗಾಗಲೇ ಹಾಳಾಗಿದೆಯೇ? 19 ವರ್ಷದ ಮಗಳಿಗೂ ಈ ಪರೀಕ್ಷೆ ಮಾಡಿಸಬೇಕೇ?

ಉತ್ತರ: ನಿಮ್ಮ ಆತಂಕ ಸಹಜ. ಅಪ್ಪನಿಗೆ ಅಷ್ಟು ಬೇಗ ಹೃದಯಾಘಾತ ಆದ ಮನೆಯಲ್ಲಿ ಬೆಳೆದವರಿಗೆ 'ಹೈ ರಿಸ್ಕ್' ಎಂಬ ಎರಡು ಪದ ಕಂಡರೆ ನಿದ್ದೆ ಬರುವುದಿಲ್ಲ. ಆದರೆ 6.4 ಎಂಬ ಆ ಒಂದು ಸಂಖ್ಯೆಯಿಂದ ನಿಮ್ಮ ರಕ್ತನಾಳ ಹಾಳಾಗಿದೆ ಎಂದು ಯಾರೂ ಹೇಳಲಾರರು. ನಾಲ್ಕು ದಿನ ಮೊದಲು ಹಲ್ಲು ಕ್ಲೀನಿಂಗ್ ಆಗಿರುವುದರಿಂದ ಅದನ್ನು ಸದ್ಯಕ್ಕೆ ಲೆಕ್ಕಕ್ಕೇ ತೆಗೆದುಕೊಳ್ಳುವಂತಿಲ್ಲ. ನಿಜವಾಗಿ ಗಮನ ಕೊಡಬೇಕಾದದ್ದು ಅದೇ ವರದಿಯ ಬೇರೆ ಸಾಲುಗಳಿಗೆ. ಅವನ್ನು ಯಾರೂ ಕೆಂಪು ಮಾಡಿ ತೋರಿಸಿಲ್ಲ, ಫೋನ್ ಮಾಡಿಯೂ ಹೇಳಿಲ್ಲ.

ಸಿಆರ್‌ಪಿ ಎಲ್ಲಿಂದ ಬರುತ್ತದೆ

ಸಿಆರ್‌ಪಿ ಅಂದರೆ ಸಿ-ರಿಯಾಕ್ಟಿವ್ ಪ್ರೋಟೀನ್ ತಯಾರಾಗುವುದು ಮುಖ್ಯವಾಗಿ ಲಿವರ್‌ನಲ್ಲಿ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಅದನ್ನು ಮೊದಲು ಗುರುತಿಸಿದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ, ಹೃದ್ರೋಗಿಗಳಲ್ಲಿ ಅಲ್ಲ. ದೇಹದಲ್ಲಿ ಎಲ್ಲೇ ಸೋಂಕು, ಗಾಯ, ಉರಿಯೂತ ಆಗಲಿ, ಅಲ್ಲಿಂದ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ರಕ್ತಕ್ಕೆ ಬರುತ್ತದೆ. ಅದು ತಲುಪಿದ ಆರೆಂಟು ಗಂಟೆಯಲ್ಲಿ ಲಿವರ್ ಸಿಆರ್‌ಪಿ ಹೆಚ್ಚಿಸಲು ಶುರುಮಾಡುತ್ತದೆ, ಎರಡು ದಿನದ ಹೊತ್ತಿಗೆ ತುದಿ ಮುಟ್ಟುತ್ತದೆ. ಕಾರಣ ನಿಂತ ಮೇಲೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ. ಥರ್ಮಾಮೀಟರ್ 101 ತೋರಿಸಿದರೆ ಜ್ವರ ಇದೆಯೆಂದು ಗೊತ್ತಾಗುತ್ತದೆಯೇ ಹೊರತು ಅದು ಗಂಟಲಿನದೋ ಮೂತ್ರದ ಸೋಂಕಿನದೋ ತಿಳಿಯುವುದಿಲ್ಲವಲ್ಲ, ಸಿಆರ್‌ಪಿಯೂ ಹಾಗೆಯೇ.

ಹಾಗಾದರೆ ಹೃದಯಕ್ಕೂ ಇದಕ್ಕೂ ಏನು ಸಂಬಂಧ? ರಕ್ತನಾಳದ ಒಳಮೈಗೆ ಎಂಡೋಥೀಲಿಯಂ ಎಂಬ ಒಂದೇ ಕೋಶದಷ್ಟು ದಪ್ಪದ ಪದರ ಇದೆ. ಆರೋಗ್ಯವಾಗಿದ್ದಾಗ ಅದು ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿ ನಾಳವನ್ನು ಸಡಿಲವಾಗಿಡುತ್ತದೆ, ರಕ್ತಕಣಗಳು ಅಂಟಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಈ ಅನಿಲದ ಕೆಲಸವನ್ನು ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಬಿಪಿ, ಸಕ್ಕರೆ, ತಂಬಾಕಿನ ಹೊಗೆ, ಹೆಚ್ಚಿದ ಎಲ್‌ಡಿಎಲ್ ವರ್ಷಗಟ್ಟಲೆ ಕಾಡಿದರೆ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ, ಎಲ್‌ಡಿಎಲ್ ಕಣಗಳು ಪದರದಡಿ ನುಸುಳಿ ಸಿಕ್ಕಿಕೊಳ್ಳುತ್ತವೆ. ಅವನ್ನು ತಿನ್ನಲು ಬಿಳಿ ರಕ್ತಕಣಗಳು ಒಳಹೊಕ್ಕು, ತಿಂದು ಉಬ್ಬಿ, ಅಲ್ಲೇ ಉಳಿಯುತ್ತವೆ. ಅಲ್ಲಿ ಮೂಡುವ ಕೊಲೆಸ್ಟ್ರಾಲ್ ಹರಳುಗಳು ಆ ಕಣಗಳನ್ನು ಕೆರಳಿಸಿ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಇನ್ನೊಂದು ಸಂದೇಶವಾಹಕ ಹೊರಬರುವಂತೆ ಮಾಡುತ್ತವೆ. ಅದರಿಂದ ಇಂಟರ್‌ಲ್ಯೂಕಿನ್-6, ಕೊನೆಯಲ್ಲಿ ಲಿವರ್‌ನಿಂದ ಸಿಆರ್‌ಪಿ.

ಅಂದರೆ ಸಿಆರ್‌ಪಿ ಈ ಸರಪಳಿಯ ಕಟ್ಟಕಡೆಯ ಕೊಂಡಿ. ಹುಟ್ಟಿನಿಂದಲೇ ಜೀನ್ ಕಾರಣಕ್ಕೆ ಸಿಆರ್‌ಪಿ ಹೆಚ್ಚಿರುವವರನ್ನು ದೊಡ್ಡ ಸಂಖ್ಯೆಯಲ್ಲಿ ನೋಡಿದಾಗ ಅವರಿಗೆ ಹೃದಯಾಘಾತ ಹೆಚ್ಚು ಆಗಿರಲಿಲ್ಲ. ಇಂಟರ್‌ಲ್ಯೂಕಿನ್-6ರ ಕೆಲಸ ಜೀನ್‌ನಿಂದಲೇ ಮಂದವಾಗಿರುವವರಿಗೆ ಮಾತ್ರ ಹೃದ್ರೋಗ ಕಡಿಮೆ ಇತ್ತು. ಆದ್ದರಿಂದ 'ಸಿಆರ್‌ಪಿ ಇಳಿಸುವ' ಮದ್ದು ಎಂದು ಯಾರಾದರೂ ಏನನ್ನಾದರೂ ಮಾರಿದರೆ ಕೊಳ್ಳಬೇಡಿ. ಇಳಿಯಬೇಕಾದದ್ದು ಅದನ್ನು ಏರಿಸುತ್ತಿರುವ ಕಾರಣ.

ನಿಮ್ಮ 6.4ನ್ನು ಯಾಕೆ ಬದಿಗಿಡುತ್ತೇನೆ

ಎಚ್‌ಎಸ್-ಸಿಆರ್‌ಪಿ ಲೀಟರಿಗೆ 1 ಮಿ.ಗ್ರಾಂ.ಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3ರ ಮೇಲೆ ಹೆಚ್ಚು. ಅಮೆರಿಕದ ಹೃದಯ ಸಂಘ ಮತ್ತು ರೋಗ ನಿಯಂತ್ರಣ ಕೇಂದ್ರ 2003ರಲ್ಲಿ ಹಾಕಿಕೊಟ್ಟ ಈ ಗೆರೆಗಳನ್ನೇ ನಮ್ಮ ಲ್ಯಾಬ್‌ಗಳೂ ಅಚ್ಚುಹಾಕುತ್ತವೆ. ಆದರೆ ಅದೇ ಶಿಫಾರಸಿನ ಇನ್ನೊಂದು ಮಾತು ವರದಿಯಲ್ಲಿ ಬರುವುದಿಲ್ಲ: ಆರೋಗ್ಯ ಸ್ಥಿರವಾಗಿರುವಾಗ, ಎರಡು ವಾರಗಳ ಅಂತರದಲ್ಲಿ ಎರಡು ಸಲ ಅಳೆದು ಸರಾಸರಿ ನೋಡಬೇಕು. 10ರ ಮೇಲೆ ಬಂದರೆ ಹೃದಯದ ಮಾತು ಬಿಟ್ಟು ಮೊದಲು ಸೋಂಕು ಹುಡುಕಬೇಕು.

ಹಲ್ಲಿನ ಕ್ಲೀನಿಂಗ್ ಎಷ್ಟು ವ್ಯತ್ಯಾಸ ಮಾಡೀತು ಎಂದು ಅನುಮಾನ ಬರಬಹುದು. ತೀವ್ರ ವಸಡು ರೋಗ ಇದ್ದ 120 ಜನರ ಮೇಲೆ ಲಂಡನ್ನಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ವಸಡಿನಡಿಯ ಪಾಚಿಯನ್ನು ಆಳವಾಗಿ ಕೆರೆದು ತೆಗೆದ ಮರುದಿನ ಸಿಆರ್‌ಪಿ ಏರಿತ್ತು, ಕೈಯ ರಕ್ತನಾಳ ಹಿಗ್ಗುವ ಶಕ್ತಿಯೂ ಕುಗ್ಗಿತ್ತು. ಆರು ತಿಂಗಳ ನಂತರ ನೋಡಿದರೆ ಅದೇ ಜನರ ರಕ್ತನಾಳದ ಶಕ್ತಿ, ಸಾಮಾನ್ಯ ಕ್ಲೀನಿಂಗ್ ಮಾತ್ರ ಮಾಡಿಸಿಕೊಂಡ ಗುಂಪಿನವರಿಗಿಂತ ಚೆನ್ನಾಗಿತ್ತು. ನಿಮಗೆ ಇದರಲ್ಲಿ ಎರಡು ವಿಷಯ ಇದೆ. ಕ್ಲೀನಿಂಗ್ ಆದ ವಾರದಲ್ಲಿ ತೆಗೆದ ರಕ್ತ ನಂಬಲರ್ಹವಲ್ಲ; ಮತ್ತು ರಕ್ತ ಬರುವ ವಸಡಿಗೆ ಪೂರ್ತಿ ಚಿಕಿತ್ಸೆ ಮಾಡಿಸುವುದು ಹಲ್ಲಿಗಷ್ಟೇ ಅಲ್ಲ, ರಕ್ತನಾಳಕ್ಕೂ ಒಳ್ಳೆಯದು. ವಸಡಿನ ಚಿಕಿತ್ಸೆಯಿಂದ ಹೃದಯಾಘಾತವೇ ತಪ್ಪುತ್ತದೆ ಎಂದು ಹೇಳುವಷ್ಟು ಪುರಾವೆ ಇಲ್ಲ, ಆದರೂ ಮಾಡಿಸಿ.

ಮರುಪರೀಕ್ಷೆ ಹೀಗೆ ಮಾಡಿಸಿ. ವಸಡಿನ ಚಿಕಿತ್ಸೆ ಮುಗಿದು ಕನಿಷ್ಠ ಒಂದು ತಿಂಗಳು ಬಿಡಿ. ಹಿಂದಿನ ಎರಡು ಮೂರು ವಾರಗಳಲ್ಲಿ ನೆಗಡಿ, ಜ್ವರ, ಭೇದಿ, ಲಸಿಕೆ, ಬಿದ್ದ ಪೆಟ್ಟು, ರೂಢಿಯಿಲ್ಲದ ಭಾರೀ ವ್ಯಾಯಾಮ ಯಾವುದೂ ಇರಬಾರದು. ಖಾಲಿ ಹೊಟ್ಟೆ ಬೇಕಿಲ್ಲ. ಎರಡು ವಾರ ಬಿಟ್ಟು ಅದೇ ಲ್ಯಾಬ್‌ನಲ್ಲಿ ಇನ್ನೊಮ್ಮೆ. ಚೀಟಿಯಲ್ಲಿ 'ಎಚ್‌ಎಸ್' (ಹೈ ಸೆನ್ಸಿಟಿವಿಟಿ, ಅಂದರೆ ಹೆಚ್ಚು ಸೂಕ್ಷ್ಮ) ಎಂದು ಬರೆಸಿಕೊಳ್ಳಿ. ಸಾಮಾನ್ಯ ಸಿಆರ್‌ಪಿ ಪರೀಕ್ಷೆ ಸೋಂಕು ನೋಡಲು ಇರುವಂಥದ್ದು, ಅದು 1ಕ್ಕೂ 3ಕ್ಕೂ ನಡುವಿನ ವ್ಯತ್ಯಾಸವನ್ನು ಸರಿಯಾಗಿ ಹಿಡಿಯುವುದಿಲ್ಲ. ಯೂನಿಟ್ಟನ್ನೂ ನೋಡಿ: ಕೆಲವು ವರದಿಗಳು ಡೆಸಿಲೀಟರಿಗೆ ಎಷ್ಟು ಎಂದು ಕೊಡುತ್ತವೆ. ಅಲ್ಲಿನ 0.3, ಲೀಟರ್ ಲೆಕ್ಕದ 3ಕ್ಕೆ ಸಮ. 0.6 ಎಂದು ನೋಡಿ ನಿಶ್ಚಿಂತರಾದವರೂ, 6 ಎಂದು ನೋಡಿ ಹೆದರಿದವರೂ ಒಂದೇ ಫಲಿತಾಂಶ ಹಿಡಿದು ಕೂತಿರಬಹುದು. ಮುಟ್ಟಿನ ತೊಂದರೆಗೆ ಈಸ್ಟ್ರೋಜನ್ ಇರುವ ಮಾತ್ರೆ ನುಂಗುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ, ಅದೊಂದೇ ಸಿಆರ್‌ಪಿ ಏರಿಸಬಲ್ಲದು. ಎರಡು ಪರೀಕ್ಷೆಗಳ ನಡುವೆ ಯಾವ ಕಾರಣವೂ ಇಲ್ಲದೆ ಮೂರನೆಯ ಒಂದು ಪಾಲಿನಷ್ಟು ಏರಿಳಿಯುವುದು ಮಾಮೂಲು. 3.4 ಇದ್ದದ್ದು 2.6 ಆದರೆ ಗುಣವಾಯಿತು ಎಂದುಕೊಳ್ಳಬೇಡಿ.

ವರದಿಯ ಉಳಿದ ಸಾಲುಗಳು

ಸೊಂಟ 92 (ಭಾರತೀಯ ಹೆಣ್ಣುಮಕ್ಕಳಿಗೆ ಮಿತಿ 80), ಟ್ರೈಗ್ಲಿಸರೈಡ್ 190 (150), ಎಚ್‌ಡಿಎಲ್ 38 (ಕನಿಷ್ಠ 50 ಬೇಕು), ಬಿಪಿ 134/86 (130/85), ಸಕ್ಕರೆ 108 (100). ಈ ಐದರಲ್ಲಿ ಯಾವ ಮೂರಿದ್ದರೂ ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತೇವೆ. ನಿಮಗೆ ಐದೂ ಇವೆ. ಒಂದೊಂದೂ ಗೆರೆ ದಾಟಿರುವುದು ಸ್ವಲ್ಪವೇ, ಹಾಗಾಗಿ ಯಾವುದೂ ಕಣ್ಣಿಗೆ ಹೊಡೆಯುವುದಿಲ್ಲ. ಆದರೆ ಎಂಡೋಥೀಲಿಯಂ ಕೆಡುವುದು ಈ ಐದೂ ಕೂಡಿಯೇ. ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಸೇರಿದ ಕೊಬ್ಬು ತಾನೇ ಇಂಟರ್‌ಲ್ಯೂಕಿನ್-6 ಬಿಡುಗಡೆ ಮಾಡುತ್ತದೆ, ಆದ್ದರಿಂದ ವಸಡು ಸರಿಹೋದ ಮೇಲೂ ನಿಮ್ಮ ಸಿಆರ್‌ಪಿ 2–4ರ ಆಸುಪಾಸಿನಲ್ಲಿ ನಿಂತರೆ ನನಗೆ ಆಶ್ಚರ್ಯವಾಗದು. ಜೊತೆಗೆ ಅಪ್ಪನ ಇತಿಹಾಸ: ತಂದೆ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದ್ರೋಗ ಬಂದಿದ್ದರೆ ಅದು ಸ್ವತಂತ್ರ ಅಪಾಯ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರ ಮೊದಲ ಹೃದಯಾಘಾತದ ವಯಸ್ಸು ಉಳಿದವರಿಗಿಂತ ಐದಾರು ವರ್ಷ ಮುಂಚೆ ಇತ್ತು. ಅದಕ್ಕೆ ಮುಖ್ಯ ಕಾರಣವಾಗಿ ಕಂಡದ್ದು ಇಂಥ ಮಾಮೂಲಿ ಅಂಶಗಳೇ, ಅವು ನಮ್ಮಲ್ಲಿ ಚಿಕ್ಕ ವಯಸ್ಸಿಗೇ ಒಟ್ಟುಗೂಡಿರುತ್ತವೆ.

ರಕ್ತದಲ್ಲಿರುವ ಹೋಮೋಸಿಸ್ಟೀನ್ ಎಂಬ ಅಮೈನೊ ಆಮ್ಲ 24 ಬಂದಿರುವ ಬಗ್ಗೆ. ರಕ್ತ ತೆಗೆದ ಮೇಲೆ ಟ್ಯೂಬನ್ನು ಐಸ್‌ನಲ್ಲಿಡದೆ, ಗಂಟೆಯೊಳಗೆ ಕೆಂಪು ಕಣ ಬೇರ್ಪಡಿಸದೆ ಬಿಟ್ಟರೆ, ಆ ಕಣಗಳು ಹೋಮೋಸಿಸ್ಟೀನ್ ಬಿಡುತ್ತಲೇ ಇರುತ್ತವೆ, ಸಂಖ್ಯೆ ಸುಳ್ಳಾಗಿ ಏರುತ್ತದೆ. ಮನೆಮನೆಗೆ ಹೋಗಿ ಬ್ಯಾಗಿನಲ್ಲಿಟ್ಟು ಮಧ್ಯಾಹ್ನ ಲ್ಯಾಬ್ ತಲುಪುವ ಸ್ಯಾಂಪಲ್‌ಗಳ ಕಷ್ಟ ಇದು. ನಿಜವಾಗಿಯೇ ಹೆಚ್ಚಿದ್ದರೆ ಸಸ್ಯಾಹಾರಿಗಳಲ್ಲಿ ಸಾಮಾನ್ಯ ಕಾರಣ ಬಿ12 ಕೊರತೆ. ಬಿ12 ಪರೀಕ್ಷಿಸಿ, ಕಡಿಮೆ ಇದ್ದರೆ ತೆಗೆದುಕೊಳ್ಳಿ. ನರ ಮತ್ತು ರಕ್ತಕ್ಕೆ ಅದು ಬೇಕೇಬೇಕು. ಆದರೆ ಹೃದಯ ಉಳಿಯಲಿ ಎಂದು ತೆಗೆದುಕೊಳ್ಳುವುದು ಬೇಡ. 2006ರಲ್ಲಿ ಬಂದ ಎರಡು ದೊಡ್ಡ ಪ್ರಯೋಗಗಳಲ್ಲಿ ಫೋಲಿಕ್ ಆಸಿಡ್, ಬಿ12 ಕೊಟ್ಟು ಹೋಮೋಸಿಸ್ಟೀನ್ ಇಳಿಸಿದರೂ ಹೃದಯಾಘಾತ ಕಡಿಮೆಯಾಗಲಿಲ್ಲ.

'ಪೂರ್ಣ ಪರೀಕ್ಷೆ' ಮಾಡಿಸಬೇಕೇ?

ಬೇಡ. ಇಂಟರ್‌ಲ್ಯೂಕಿನ್-6, ಮಯಲೋಪೆರಾಕ್ಸಿಡೇಸ್, ಎಂಡೋಥೀಲಿಯಂ ಮೇಲಿನ ಅಂಟು-ಪ್ರೋಟೀನ್‌ಗಳು, ಇವೆಲ್ಲ ಸಂಶೋಧನೆಗೆ ಅಮೂಲ್ಯ. ಒಬ್ಬ ವ್ಯಕ್ತಿಯಲ್ಲಿ ಅವು ಎಷ್ಟಿದ್ದರೆ ಏನು ಮಾಡಬೇಕು ಎಂಬ ಒಪ್ಪಿತ ಗೆರೆ ಇಲ್ಲ. ಎಲ್‌ಪಿ-ಪಿಎಲ್‌ಎ2 ಎಂಬ ಇನ್ನೊಂದರ ಮೇಲೆ ತುಂಬ ಭರವಸೆ ಇತ್ತು. ಅದನ್ನು ತಡೆಯುವ ಔಷಧಿ 2014ರಲ್ಲಿ ಎರಡು ದೊಡ್ಡ ಪ್ರಯೋಗಗಳಲ್ಲಿ ಸೋತಿತು. ಇಎಸ್‌ಆರ್ ಅಂತೂ ರಕ್ತಹೀನತೆಗೂ ವಯಸ್ಸಿಗೂ ಏರುತ್ತದೆ, ಹೃದಯದ ವಿಷಯದಲ್ಲಿ ಅದರಿಂದ ತೀರ್ಮಾನಕ್ಕೆ ಬರುವಂತಿಲ್ಲ.

ರಕ್ತನಾಳದ ಒಳಪದರ ಹೇಗೆ ಕೆಲಸ ಮಾಡುತ್ತಿದೆ ಎಂದು ನೇರವಾಗಿ ನೋಡುವ ಪರೀಕ್ಷೆಯೂ ಉಂಟು. ಮುಂದೋಳಿಗೆ ಬಿಪಿ ಪಟ್ಟಿ ಕಟ್ಟಿ ಐದು ನಿಮಿಷ ರಕ್ತದ ಹರಿವು ಪೂರ್ತಿ ನಿಲ್ಲಿಸಿ, ಒಮ್ಮೆಗೇ ಬಿಟ್ಟು, ತೋಳಿನ ರಕ್ತನಾಳ ಎಷ್ಟು ಹಿಗ್ಗಿತು ಎಂದು ಅಲ್ಟ್ರಾಸೌಂಡ್‌ನಲ್ಲಿ ಅಳೆಯುತ್ತಾರೆ. 4 ಮಿ.ಮೀ. ಅಗಲದ ನಾಳ ಶೇ. 7 ಹಿಗ್ಗಿತು ಎಂದರೆ ವ್ಯತ್ಯಾಸ 0.28 ಮಿ.ಮೀ. ಪರಿಣತರ ಕೈ ಚೂರು ಜಾರಿದರೆ, ಬೆಳಿಗ್ಗೆ ಕಾಫಿ ಕುಡಿದಿದ್ದರೆ, ಕೋಣೆ ತಣ್ಣಗಿದ್ದರೆ ಫಲಿತಾಂಶ ಬೇರೆಯೇ. ಹಾಗಾಗಿ ಇದು ಸಂಶೋಧನಾ ಕೇಂದ್ರಗಳಲ್ಲೇ ಉಳಿದಿದೆ. ಬೆರಳಿಗೆ ಕ್ಲಿಪ್ ಹಾಕಿ ಎರಡು ನಿಮಿಷದಲ್ಲಿ 'ರಕ್ತನಾಳದ ವಯಸ್ಸು' ಹೇಳುವ ಯಂತ್ರಗಳನ್ನು ನಂಬಿ ಔಷಧಿ ಶುರುಮಾಡಬೇಡಿ, ನಿಲ್ಲಿಸಲೂಬೇಡಿ.

ದುಡ್ಡು ಇಡುವುದಾದರೆ ಬೇರೆ ಕಡೆ ಇಡಿ. ಮೊದಲನೆಯದು ಮೂತ್ರದ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ. ಮೂತ್ರಪಿಂಡದ ಸೂಕ್ಷ್ಮ ನಾಳಗಳ ಒಳಪದರ ಸೋರಲು ಶುರುವಾದರೆ ಅಲ್ಬುಮಿನ್ ಎಂಬ ಪ್ರೋಟೀನ್ ಮೂತ್ರದಲ್ಲಿ ಕಾಣಿಸುತ್ತದೆ. ಬಿಪಿ, ಸಕ್ಕರೆ ಗಡಿಯಲ್ಲಿರುವವರಲ್ಲಿ ರಕ್ತನಾಳದ ದೋಷವನ್ನು ಅಗ್ಗವಾಗಿ, ಬೇಗ ತೋರಿಸುವ ಪರೀಕ್ಷೆ ಎಂದರೆ ನನ್ನ ಮಟ್ಟಿಗೆ ಇದೇ. ಬೆಳಗಿನ ಮೊದಲ ಮೂತ್ರ ಕೊಡಿ. ಮುಟ್ಟಿನ ದಿನಗಳಲ್ಲಿ, ಜ್ವರ ಅಥವಾ ಉರಿಮೂತ್ರ ಇರುವಾಗ ಬೇಡ. ಗ್ರಾಂ ಕ್ರಿಯಾಟಿನಿನ್‌ಗೆ 30 ಮಿ.ಗ್ರಾಂ. ದಾಟಿದರೆ ಮೂರರಿಂದ ಆರು ತಿಂಗಳೊಳಗೆ ಮತ್ತೆ ಮಾಡಿಸಿ, ಮೂರು ಪರೀಕ್ಷೆಗಳಲ್ಲಿ ಎರಡು ಸಲ ಹೆಚ್ಚಿದ್ದರೆ ಮಾತ್ರ ನಿಜ.

ಎರಡನೆಯದು ಎಲ್‌ಡಿಎಲ್‌ನಂಥದ್ದೇ ಕೊಲೆಸ್ಟ್ರಾಲ್ ಕಣವಾದ ಲೈಪೋಪ್ರೋಟೀನ್-ಎ. ಇದು ವಂಶದಿಂದ ಬರುವಂಥದ್ದು, ಊಟ ವ್ಯಾಯಾಮಕ್ಕೆ ಹೆಚ್ಚೇನೂ ಬದಲಾಗದು, ಆದ್ದರಿಂದ ಜೀವಮಾನದಲ್ಲಿ ಒಮ್ಮೆ ಸಾಕು. 50 ಮಿ.ಗ್ರಾಂ./ಡೆಸಿಲೀಟರ್ ದಾಟಿದ್ದರೆ ಅಪ್ಪನಿಗೆ ಅಷ್ಟು ಬೇಗ ಯಾಕೆ ಆಯಿತು ಎಂಬುದಕ್ಕೆ ಅದೇ ಸುಳಿವಾಗಬಹುದು. ಥೈರಾಯ್ಡ್ ಪರೀಕ್ಷೆಯಾದ ಟಿಎಸ್‌ಎಚ್ ಕೂಡ ನೋಡಿ. ಥೈರಾಯ್ಡ್ ಕಡಿಮೆಯಾದರೆ ಎಲ್‌ಡಿಎಲ್ ಏರುತ್ತದೆ.

ಇನ್ನೊಂದು, ತೋಳಿಗೆ ಕಟ್ಟುವ ಬಿಪಿ ಮೆಷಿನ್ ಕೊಳ್ಳಿ. ಐದು ನಿಮಿಷ ಸುಮ್ಮನೆ ಕೂತು ಬೆಳಿಗ್ಗೆ ಎರಡು, ಸಂಜೆ ಎರಡು ಸಲ, ಏಳು ದಿನ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. 135/85 ಮುಟ್ಟಿದರೆ ಅದು ಬಿಪಿಯೇ, ಟೆನ್ಷನ್‌ಗೆ ಬಂದದ್ದಲ್ಲ.

ಅರಿಶಿನ, ಆಸ್ಪಿರಿನ್

ಸಾರಿಗೆ, ಹಾಲಿಗೆ ಹಾಕುವ ಅರಿಶಿನ ಹಾಗೇ ಇರಲಿ. ಕ್ಯಾಪ್ಸೂಲ್ ಬೇರೆ. ಅದರಲ್ಲಿ ಸಾಂದ್ರ ಕರ್ಕ್ಯುಮಿನ್ ಇರುತ್ತದೆ, ಹೆಚ್ಚು ಹೀರಿಕೊಳ್ಳಲಿ ಎಂದು ಮೆಣಸಿನ ಪೈಪರಿನ್ ಬೆರೆಸಿರುತ್ತಾರೆ. ಇಂಥವುಗಳಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ಹಲವು ದೇಶಗಳಲ್ಲಿ ವರದಿಯಾಗಿವೆ. ಸಿಆರ್‌ಪಿ ತುಸು ಇಳಿದರೂ ಹೃದಯಾಘಾತ ತಪ್ಪಿದ ಪುರಾವೆ ಇಲ್ಲ.

ಆಸ್ಪಿರಿನ್ ಶುರುಮಾಡಲೇಬೇಡಿ. ಹೃದಯಾಘಾತ, ಪಾರ್ಶ್ವವಾಯು ಆಗಿರದವರ ಮೇಲೆ 2018ರಲ್ಲಿ ಬಂದ ಮೂರು ದೊಡ್ಡ ಪ್ರಯೋಗಗಳಲ್ಲಿ ಅದರ ಲಾಭ ಒಂದೋ ಕಾಣಲಿಲ್ಲ, ಕಂಡಲ್ಲಿ ರಕ್ತಸ್ರಾವದ ಅಪಾಯ ಅದನ್ನು ನುಂಗಿಹಾಕಿತು. ಸ್ಟೆಂಟ್ ಹಾಕಿಸಿಕೊಂಡವರು, ಈಗಾಗಲೇ ಅಟ್ಯಾಕ್ ಆದವರು ಈ ಸಾಲು ಓದಿ ತಮ್ಮ ಮಾತ್ರೆ ನಿಲ್ಲಿಸಬಾರದು, ಅವರ ವಿಷಯ ಪೂರ್ತಿ ಬೇರೆ.

ಉರಿಯೂತವನ್ನೇ ನೇರ ತಡೆದರೆ ಏನಾಗುತ್ತದೆ ಎಂದು ನೋಡಿದ್ದೂ ಆಗಿದೆ. 2017ರ ಕ್ಯಾಂಟೋಸ್ ಪ್ರಯೋಗದಲ್ಲಿ, ಹಿಂದೆ ಹೃದಯಾಘಾತವಾಗಿ ಸಿಆರ್‌ಪಿ 2ರ ಮೇಲಿದ್ದ ಹತ್ತು ಸಾವಿರ ಜನರಲ್ಲಿ, ಇಂಟರ್‌ಲ್ಯೂಕಿನ್-1 ಬೀಟಾ ತಡೆಯುವ ಚುಚ್ಚುಮದ್ದು ಎಲ್‌ಡಿಎಲ್ ಮುಟ್ಟದೆಯೇ ಹೊಸ ಘಟನೆಗಳನ್ನು ಶೇ. 15ರಷ್ಟು ತಗ್ಗಿಸಿತು. ಆದರೆ ಜೀವ ತೆಗೆಯುವ ಸೋಂಕುಗಳು ಹೆಚ್ಚಿದವು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಕೆಲಸ ಮಾಡಲಿಲ್ಲ. ಗೌಟ್‌ಗೆ ಕೊಡುವ ಕಾಲ್ಚಿಸಿನ್ ಕೆಲವು ಹೃದ್ರೋಗಿಗಳಲ್ಲಿ ನೆರವಾಗಿದೆ, ಇನ್ನೊಂದು ದೊಡ್ಡ ಪ್ರಯೋಗದಲ್ಲಿ ಆಗಲಿಲ್ಲ. ಕಿಡ್ನಿ ದುರ್ಬಲ ಇರುವವರಿಗೆ, ಕ್ಲಾರಿಥ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ನುಂಗುತ್ತಿರುವವರಿಗೆ ಅದು ವಿಷವಾಗಬಹುದು. ಹೃದ್ರೋಗ ಇಲ್ಲದ ನಿಮಗೆ ಇವು ಯಾವುವೂ ಬೇಡ.

ನಿಮ್ಮ ಮುಂದಿರುವ ದಾರಿಗಳು

ಒಂದು, ಮೂರು ತಿಂಗಳು ಔಷಧಿಯಿಲ್ಲದೆ ಗಟ್ಟಿ ಪ್ರಯತ್ನ. ವಾರಕ್ಕೆ 150 ನಿಮಿಷ ಬಿರುಸು ನಡಿಗೆ, ಅದರಲ್ಲಿ ಒಂದಿಷ್ಟು ರಾತ್ರಿ ಊಟದ ನಂತರ. ತೂಕದಲ್ಲಿ ಶೇ. 5ರಿಂದ 7 ಇಳಿಸುವುದು. 70 ಕೆಜಿ ಇದ್ದರೆ ನಾಲ್ಕೈದು ಕೆಜಿ. ಟ್ರೈಗ್ಲಿಸರೈಡ್ ಇಳಿಸಲು ಎಣ್ಣೆಗಿಂತ ಮೊದಲು ಅನ್ನದ ಪ್ರಮಾಣ, ಸಕ್ಕರೆ ಹಾಕಿದ ಕಾಫಿ-ಟೀ, ಬಿಸ್ಕತ್ತು ಕಡಿಮೆ ಮಾಡಿ; ತಟ್ಟೆಯಲ್ಲಿ ಕಾಳು, ಸೊಪ್ಪು ಹೆಚ್ಚಾಗಲಿ. ಮುದ್ದೆ ಒಳ್ಳೆಯದೆಂದು ಎರಡೆರಡು ಉಂಡರೆ ಲೆಕ್ಕ ಅಲ್ಲಿಗೇ ಬಂತು. ಟ್ರಾನ್ಸ್ ಕೊಬ್ಬಿಗೆ 2022ರಿಂದ ಶೇ. 2ರ ಮಿತಿ ಇದೆ, ಹಾಗಾಗಿ ಪ್ಯಾಕೆಟ್ ಎಣ್ಣೆ ಮೊದಲಿಗಿಂತ ವಾಸಿ. ಆದರೆ ಮಂಡಕ್ಕಿ ಜೊತೆ ಬರುವ ಮೆಣಸಿನಕಾಯಿ ಬಜ್ಜಿಯ ಬಾಣಲೆಯಲ್ಲಿ ಅದೇ ಎಣ್ಣೆ ದಿನವಿಡೀ ಕಾಯುತ್ತಿರುತ್ತದೆ. ಜೋರು ಗೊರಕೆ, ಹಗಲು ತೂಕಡಿಕೆ ಇದ್ದರೆ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತುನಿಂತು ಬರುವುದು) ಪರೀಕ್ಷೆ ಮಾಡಿಸಿ, ಅದು ಬಿಪಿ ಮತ್ತು ಸಿಆರ್‌ಪಿ ಎರಡನ್ನೂ ಏರಿಸುತ್ತದೆ. ಈ ದಾರಿಯ ಅಪಾಯ ಒಂದೇ: ಮೂರು ತಿಂಗಳು ಮೂರು ವರ್ಷವಾಗುವುದು. ಮರುಪರೀಕ್ಷೆಯ ದಿನಾಂಕವನ್ನು ಈಗಲೇ ಗೊತ್ತುಮಾಡಿಕೊಳ್ಳಿ.

ಎರಡು, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ. ಮರುಪರೀಕ್ಷೆಯಲ್ಲೂ ಸಿಆರ್‌ಪಿ 2ರ ಮೇಲೆ, ಎಲ್‌ಡಿಎಲ್ 130ರ ಆಸುಪಾಸು ಇದ್ದರೆ ನಾನು ಇದರ ಪರವಾಗಿ ಮಾತಾಡುತ್ತೇನೆ. ಲೈಪೋಪ್ರೋಟೀನ್-ಎ ಹೆಚ್ಚಿದ್ದರಂತೂ ಹಿಂಜರಿಯುವುದಿಲ್ಲ. 2008ರ ಜುಪಿಟರ್ ಪ್ರಯೋಗದಲ್ಲಿ ಎಲ್‌ಡಿಎಲ್ 130ಕ್ಕಿಂತ ಕಡಿಮೆ, ಸಿಆರ್‌ಪಿ 2 ಅಥವಾ ಹೆಚ್ಚು ಇದ್ದ 17,802 ಜನರಲ್ಲಿ ರೋಸುವಸ್ಟ್ಯಾಟಿನ್ 20 ಮಿ.ಗ್ರಾಂ. ಹೃದಯ-ರಕ್ತನಾಳದ ದೊಡ್ಡ ಘಟನೆಗಳನ್ನು ಶೇ. 44 ತಗ್ಗಿಸಿತು. ಅದರಲ್ಲಿದ್ದ ಹೆಂಗಸರು 60 ದಾಟಿದವರು, ಆದ್ದರಿಂದ ಆ ಸಂಖ್ಯೆ ನಿಮಗೆ ಹಾಗೇ ಹೊಂದುವುದಿಲ್ಲ. ನಿಮಗೆ ಅಟೋರ್ವಸ್ಟ್ಯಾಟಿನ್ 10–20 ಅಥವಾ ರೋಸುವಸ್ಟ್ಯಾಟಿನ್ 5–10 ಸಾಕಾಗಬಹುದು, ಎಲ್‌ಡಿಎಲ್ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಇಳಿಯುತ್ತದೆ. ಕೆಲವರಿಗೆ ಮೈಕೈ ನೋವು ಬರುತ್ತದೆ, ಮಾತ್ರೆ ಬದಲಿಸಿದರೆ ಹೆಚ್ಚಿನವರಲ್ಲಿ ಹೋಗುತ್ತದೆ. 5.9 ಇರುವ ನಿಮ್ಮಂಥವರಲ್ಲಿ ಮಧುಮೇಹ ತುಸು ಬೇಗ ಕಾಣಿಸಬಹುದು. ಲಾಭ ಅದಕ್ಕಿಂತ ಹೆಚ್ಚು, ಆದರೂ ಎಚ್‌ಬಿಎ1ಸಿ ನೋಡುತ್ತಿರಬೇಕು. ಗರ್ಭ ನಿಲ್ಲುವ ಸಾಧ್ಯತೆ ಇನ್ನೂ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಮೂರು, ತೀರ್ಮಾನ ಆಗದೆ ತೂಗುಯ್ಯಾಲೆಯಲ್ಲಿದ್ದರೆ ಕರೋನರಿ ಕ್ಯಾಲ್ಸಿಯಂ ಸ್ಕ್ಯಾನ್. ಹೃದಯದ ರಕ್ತನಾಳದಲ್ಲಿ ಗಟ್ಟಿಯಾಗಿ ಕೂತ ಕ್ಯಾಲ್ಸಿಯಂಗೆ ಅಂಕ ಕೊಡುವ, ಚುಚ್ಚುಮದ್ದಿಲ್ಲದ ಸಣ್ಣ ಸಿಟಿ, ವಿಕಿರಣ ಸುಮಾರು 1 ಮಿಲಿಸೀವರ್ಟ್. ಅಂಕ 100 ದಾಟಿದರೆ ಸ್ಟ್ಯಾಟಿನ್ ಬೇಕೋ ಬೇಡವೋ ಎಂಬ ಚರ್ಚೆಯೇ ಇಲ್ಲ, ಶುರುಮಾಡಬೇಕು. ಆದರೆ 46ರ ಹೆಣ್ಣುಮಗಳಲ್ಲಿ ಸೊನ್ನೆ ಬರುವುದೇ ಹೆಚ್ಚು, ಮೆತ್ತನೆಯ ಕೊಬ್ಬಿನ ಗಡ್ಡೆ ಅದರಲ್ಲಿ ಕಾಣುವುದಿಲ್ಲ. ಸೊನ್ನೆ ಬಂತೆಂದು ಬಿಪಿ, ಸೊಂಟ ಮರೆತರೆ ಸ್ಕ್ಯಾನ್ ಮಾಡಿಸದಿದ್ದರೇ ಚೆನ್ನಾಗಿತ್ತು ಎನ್ನಬೇಕಾಗುತ್ತದೆ.

ಸಿಆರ್‌ಪಿ 0.8 ಬಂದರೂ ಎದೆಯಲ್ಲಿ ಬಿಗಿತ, ನಡೆದಾಗ ದವಡೆ ಅಥವಾ ಎಡಗೈಗೆ ಹರಡುವ ನೋವು, ಕಾರಣವಿಲ್ಲದ ಬೆವರು ಕಂಡರೆ ಗ್ಯಾಸ್ ಎಂದು ಕೂರದೆ ತಕ್ಷಣ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ಮಾಡಿ ತಜ್ಞರಿಗೆ ಕಳಿಸುವ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ.

ಮಗಳಿಗೆ ಎಚ್‌ಎಸ್-ಸಿಆರ್‌ಪಿ ಬೇಡ. 19ರ ವಯಸ್ಸಿನಲ್ಲಿ ಮೊಡವೆ, ನೆಗಡಿ, ಮಾತ್ರೆ ಯಾವುದಕ್ಕೂ ಅದು ಏರಬಹುದು, ಏರಿದರೂ ಮಾಡುವಂಥದ್ದು ಏನೂ ಇಲ್ಲ. ತಾತನ ಇತಿಹಾಸ ಇರುವುದರಿಂದ ಒಮ್ಮೆ ಕೊಲೆಸ್ಟ್ರಾಲ್ ನೋಡಿಸಿ. ನಿಮ್ಮ ಲೈಪೋಪ್ರೋಟೀನ್-ಎ ಹೆಚ್ಚು ಬಂದರೆ ಮಾತ್ರ ಅವಳದ್ದನ್ನೂ ಒಮ್ಮೆ ನೋಡಿಸಿ.